ಓಡಿಸಲು ಬಾರದ ಥೀಸಿಸ್‌ಗೆ ಡಾಕ್ಟರೇಟ್ ಯಾಕೆ?

ಕೆಲವು ವರ್ಷಗಳ ಹಿಂದೆ ಪುಣೆಯ ಒಂದು ಲ್ಯಾಬಿನಲ್ಲಿ ನನ್ನ ಕೈಗೊಂದು ಎಕ್ಸೆಲ್ ಫೈಲು ಬಂತು. ಹೆಸರು ‘ಫೈನಲ್ ಫೈನಲ್ 3’. ಭೀಮಾ ಕಣಿವೆಯ ಕೆಲವು ಮಳೆಮಾಪನ ಕೇಂದ್ರಗಳ ದಿನವಹಿ ಮಳೆ ಅದರಲ್ಲಿತ್ತು. ನನಗಿಂತ ಮೊದಲು ಅಲ್ಲಿದ್ದ ಸೀನಿಯರ್ ಒಬ್ಬರ ಥೀಸಿಸ್ ನಿಂತಿದ್ದು ಆ ಫೈಲಿನ ಮೇಲೆ. ಥೀಸಿಸ್‌ನ ಕೋಷ್ಟಕ 4.2ರಲ್ಲಿ, ನೂರು ವರ್ಷಕ್ಕೊಮ್ಮೆ ಬರಬಹುದಾದ ಒಂದು ದಿನದ ಮಳೆ ಇಷ್ಟು ಎಂದು ಬರೆದಿತ್ತು. ಆಮೇಲಿನ ವರ್ಷಗಳ ದಾಖಲೆ ಸೇರಿಸಿ ಅದೇ ಲೆಕ್ಕವನ್ನು ಮುಂದುವರಿಸುವುದು ನನ್ನ ಕೆಲಸ. ಮೊದಲು ಹಳೆಯ ಅಂಕಿ ನನಗೂ ಬರುತ್ತದೆಯೇ ನೋಡೋಣ ಎಂದು ಕೂತೆ. ಬರಲಿಲ್ಲ. ಮೂರು ವಾರ ಕೂತೆ, ಆಗಲೂ ಬರಲಿಲ್ಲ.

ಕೆಲವು ಸೆಲ್‌ಗಳಿಗೆ ಹಳದಿ ಬಣ್ಣ ಬಳಿದಿತ್ತು. ಕೆಲವು ಖಾಲಿ. ಒಂದು ಕಡೆ ಸೂತ್ರವಿದ್ದರೆ ಪಕ್ಕದಲ್ಲಿ ಬರೀ ಅಂಕಿ, ಯಾರೋ ಕೈಯಿಂದ ಟೈಪ್ ಮಾಡಿದ್ದು. ಹಳದಿ ಎಂದರೆ ಅನುಮಾನವೋ, ತೆಗೆದುಹಾಕಿದ್ದೋ, ತಿದ್ದಿದ್ದೋ? ಆಗ ವಿದೇಶದಲ್ಲಿದ್ದ ಆ ಸೀನಿಯರ್‌ಗೆ ಮೇಲ್ ಹಾಕಿದೆ. ಒಳ್ಳೆಯವರು, ಮರುದಿನವೇ ಉತ್ತರಿಸಿದರು: ನೆನಪಿಲ್ಲ, ಕ್ಷಮಿಸಿ. ಗೈಡ್‌ಗೆ ಹೇಳಿದೆ. ‘ಪ್ರಕಟವಾದ ಅಂಕಿಯನ್ನೇ ಇಟ್ಟುಕೊಂಡು ಮುಂದೆ ಹೋಗಿ’ ಎಂದರು.

ಸೇತುವೆ ಎಷ್ಟು ಎತ್ತರ ಇರಬೇಕು, ಮೋರಿ ಎಷ್ಟು ಅಗಲ ಇರಬೇಕು ಎಂದು ತೀರ್ಮಾನಿಸುವುದು ಇಂಥ ಅಂಕಿಗಳಿಂದ. ಅದು ಹೇಗೆ ಹುಟ್ಟಿತು ಎಂದು ಹುಟ್ಟಿಸಿದವರಿಗೇ ಗೊತ್ತಿಲ್ಲ. ಆದರೂ ಅದಕ್ಕೆ ಡಾಕ್ಟರೇಟ್ ಸಿಕ್ಕಿದೆ. ನನ್ನ ಜಗಳ ಆ ಸೀನಿಯರ್ ಜೊತೆ ಅಲ್ಲ, ಅವರು ನಿಯಮ ಕೇಳಿದ್ದಷ್ಟನ್ನು ಮಾಡಿದ್ದರು. ಜಗಳ ನಿಯಮದ ಜೊತೆ. ಥೀಸಿಸ್‌ನ ಮಾರ್ಜಿನ್ ಎಷ್ಟಿರಬೇಕು, ಬೈಂಡಿಂಗ್ ಯಾವ ಬಣ್ಣ ಎಂದೆಲ್ಲ ಹೇಳುವ ನಮ್ಮ ವಿಶ್ವವಿದ್ಯಾಲಯಗಳು, ಲೆಕ್ಕ ಮಾಡಿದ ಕೋಡ್ ಎಲ್ಲಿ ಎಂದು ಮಾತ್ರ ಕೇಳುವುದೇ ಅಪರೂಪ.

ಎಕ್ಸೆಲ್ ಕಂಡರೆ ನನಗೆ ದ್ವೇಷವಿಲ್ಲ, ಮನೆ ಖರ್ಚು ಬರೆಯುವುದು ಅದರಲ್ಲೇ. ಆದರೆ ಅದರಲ್ಲಿ ಉತ್ತರ ಮೇಲೆ ಕಾಣುತ್ತದೆ, ಲೆಕ್ಕ ಸೆಲ್‌ಗಳ ಒಳಗೆ ಅಡಗಿ ಕೂರುತ್ತದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಹಾರ್ವರ್ಡ್‌ನ ಕೆನೆತ್ ರೋಗಾಫ್ 2010ರಲ್ಲಿ, ಸರ್ಕಾರದ ಸಾಲ ದೇಶದ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಬರೆದರು. ಅವರ ಪ್ರಕಾರ ಅಂಥ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1. ಖರ್ಚು ಕಡಿತ ಮಾಡಬೇಕೆನ್ನುವ ರಾಜಕಾರಣಿಗಳಿಗೆ ಅದು ಹಬ್ಬದೂಟವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರಿಂದ ಎಕ್ಸೆಲ್ ಫೈಲು ಕೇಳಿ ತರಿಸಿಕೊಂಡು ನೋಡಿದರೆ, ಸರಾಸರಿ ತೆಗೆಯುವ ಸೂತ್ರ ಐದು ಸಾಲು ಮೊದಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದಲೇ ಹೊರಗೆ. ನ್ಯಾಯವಾಗಿ ಹೇಳಬೇಕೆಂದರೆ ಪೂರ್ತಿ ವ್ಯತ್ಯಾಸಕ್ಕೆ ಇದೊಂದೇ ಕಾರಣವಲ್ಲ, ಯಾವ ವರ್ಷಗಳನ್ನು ಬಿಟ್ಟರು, ಯಾವುದಕ್ಕೆ ಎಷ್ಟು ತೂಕ ಕೊಟ್ಟರು ಎಂಬ ತಕರಾರುಗಳೂ ಇದ್ದವು. ಎಲ್ಲ ಸರಿಮಾಡಿದಾಗ ಹರ್ನ್‌ಡನ್ ತಂಡಕ್ಕೆ ಸಿಕ್ಕಿದ್ದು ಪ್ಲಸ್ 2.2. ಲೆಕ್ಕ ಇದ್ದ ಫೈಲು ಮೂರು ವರ್ಷ ಹೊರಗಿನವರ ಕಣ್ಣಿಗೆ ಬಿದ್ದಿರಲಿಲ್ಲ.

2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ 15,841 ಕೋವಿಡ್ ಪ್ರಕರಣಗಳನ್ನು ಸಮಯಕ್ಕೆ ವರದಿ ಮಾಡದೆ ಹೋಯಿತು. ಹಳೆಯ ಎಕ್ಸೆಲ್ ಫೈಲಿನ ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ, ಉಳಿದದ್ದು ಸದ್ದಿಲ್ಲದೆ ಉದುರಿಹೋಗಿತ್ತು. ಅದೇ ವರ್ಷ ಮಾನವ ಜೀನ್‌ಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿತು. ‘ಮಾರ್ಚ್1’ ಎಂದು ಬರೆದರೆ ಎಕ್ಸೆಲ್ ಅದನ್ನು ಮಾರ್ಚ್ ಒಂದನೇ ತಾರೀಕು ಮಾಡಿಬಿಡುತ್ತಿತ್ತು. ಹೀಗಾಗಿ ಅದು ಈಗ ‘ಮಾರ್ಚ್‌ಎಫ್1’. ತಂತ್ರಾಂಶಕ್ಕೆ ಹೆದರಿ ಜೀವಶಾಸ್ತ್ರ ತನ್ನ ಹೆಸರು ಬದಲಿಸಿಕೊಂಡ ಕಥೆ ಇದು.

ಹಾಗಾದರೆ ಏನು ಮಾಡಬೇಕು? ಲೆಕ್ಕವನ್ನು ಸ್ಕ್ರಿಪ್ಟ್ ಆಗಿ ಬರೆಯಬೇಕು: ಈ ಫೈಲು ತೆರೆ, ಈ ಸಾಲುಗಳನ್ನು ಈ ಕಾರಣಕ್ಕೆ ಬಿಡು, ವರ್ಷಕ್ಕೊಂದು ಗರಿಷ್ಠ ತೆಗೆ, ಗುಂಬೆಲ್ ವಿತರಣೆಗೆ ಹೊಂದಿಸು, ಕೋಷ್ಟಕ ಬರೆ. ಪೈಥಾನ್ ಆಗಲಿ, ಆರ್ ಆಗಲಿ, ಆಕ್ಟೇವ್ ಆಗಲಿ, ಜೂಲಿಯಾ ಆಗಲಿ, ಇದು ಒಂದೆರಡು ಪುಟದ ಕೆಲಸ. ನನ್ನ ಕ್ಷೇತ್ರದ್ದೇ ಉದಾಹರಣೆ ಕೊಡುತ್ತೇನೆ. ಪುಣೆಯ ಹವಾಮಾನ ಇಲಾಖೆ 1901ರಿಂದ ಈಚೆಗಿನ ಇಡೀ ದೇಶದ ದಿನವಹಿ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಆ ಬೈನರಿ ಫೈಲುಗಳನ್ನು ಓದಲು ‘ಐಎಂಡಿಲಿಬ್’ ಎಂಬ ಪೈಥಾನ್ ಲೈಬ್ರರಿ ಇದೆ, ಅದೂ ಉಚಿತ. ದಾಖಲೆ ಇಲ್ಲದ ಕಡೆ ಆ ಫೈಲಿನಲ್ಲಿ ಮೈನಸ್ 999 ಎಂದಿರುತ್ತದೆ. ಅದನ್ನು ತೆಗೆಯದೆ ಸರಾಸರಿ ಮಾಡಿದವನ ಊರಲ್ಲಿ ಮಳೆ ನೆಲದಿಂದ ಆಕಾಶಕ್ಕೆ ಸುರಿಯುತ್ತದೆ. ಸ್ಕ್ರಿಪ್ಟಿನಲ್ಲಿ ಅದನ್ನು ತೆಗೆದ ಸಾಲು ಇದೆಯೋ ಇಲ್ಲವೋ ಯಾರು ಬೇಕಾದರೂ ಓದಿ ಹೇಳಬಹುದು. ಹಳದಿ ಬಣ್ಣವನ್ನು ಓದುವುದು ಹೇಗೆ?

ಇಷ್ಟು ಹೇಳಿದರೆ ಹಿರಿಯ ಪ್ರೊಫೆಸರುಗಳು ಎರಡು ಮಾತು ಎತ್ತುತ್ತಾರೆ. ಒಂದು, ‘ಪೈಥಾನ್ ನಿಧಾನ, ಗಂಭೀರ ಲೆಕ್ಕಕ್ಕೆ ಫೋರ್ಟ್ರಾನ್ ಬೇಕು.’ ಅರ್ಧ ಸತ್ಯ. ಮದುವೆ ಮನೆಯಲ್ಲಿ ಮುಖ್ಯ ಭಟ್ಟರು ತರಕಾರಿ ಹೆಚ್ಚುವುದಿಲ್ಲ, ಹೇಳಿ ಮಾಡಿಸುತ್ತಾರೆ. ಎರಡು ದೊಡ್ಡ ಮ್ಯಾಟ್ರಿಕ್ಸ್ ಗುಣಿಸು ಎಂದು ನಮ್‌ಪೈಗೆ ಹೇಳಿದರೆ ಗುಣಿಸುವುದು ಪೈಥಾನ್ ಅಲ್ಲ, ಅದರ ಕೆಳಗಿರುವ ಬ್ಲಾಸ್. ಸಮೀಕರಣ ಬಿಡಿಸುವುದು ಲ್ಯಾಪ್ಯಾಕ್. ಅವುಗಳ ಬೇರು ಈ ಪ್ರೊಫೆಸರುಗಳು ಪ್ರೀತಿಸುವ ಅದೇ ಫೋರ್ಟ್ರಾನಿನಲ್ಲಿದೆ. ಭಟ್ಟರ ಕೈಲೇ ಒಂದೊಂದು ಹುರುಳಿಕಾಯಿ ಹೆಚ್ಚಿಸಿದರೆ, ಅಂದರೆ ಪೈಥಾನಿನಲ್ಲಿ ಹತ್ತು ಲಕ್ಷ ಸುತ್ತಿನ ಫಾರ್ ಲೂಪ್ ಬರೆದರೆ, ಮಧ್ಯಾಹ್ನದ ಊಟ ರಾತ್ರಿಯಾಗುತ್ತದೆ, ನಿಜ. ಅದಕ್ಕೂ ನಂಬಾ, ಸೈಥಾನ್ ಇವೆ. 2019ರ ಏಪ್ರಿಲ್‌ನಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಚಿತ್ರವನ್ನು ಮೂರು ಬೇರೆ ಬೇರೆ ತಂತ್ರಾಂಶಗಳಲ್ಲಿ ಕಟ್ಟಿ ಹೋಲಿಸಿದ್ದರು. ಅವುಗಳಲ್ಲಿ ಎರಡು ಪೈಥಾನ್ ಲೈಬ್ರರಿಗಳು. ಕಪ್ಪುಕುಳಿಗೆ ಸಾಕಾದದ್ದು ನಮ್ಮ ಇಲಾಖೆಗಳ ಪ್ರಾಜೆಕ್ಟ್‌ಗಳಿಗೆ ಸಾಕಾಗುವುದಿಲ್ಲವೇ?

ಎರಡನೆಯದು ಮ್ಯಾಟ್‌ಲ್ಯಾಬ್. ಇದರ ಹುಟ್ಟಿನ ಕಥೆ ನನಗೆ ಇಷ್ಟ. 1970ರ ದಶಕದ ಕೊನೆಗೆ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಕ್ಲೀವ್ ಮೋಲರ್, ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆಯೇ ಲಿನ್‌ಪ್ಯಾಕ್, ಐಸ್‌ಪ್ಯಾಕ್ ಬಳಸಲಿ ಎಂದು ಅದನ್ನು ಬರೆದರು. 1984ರಲ್ಲಿ ಅದು ಕಂಪನಿಯಾಯಿತು. ಒಳ್ಳೆಯ ಸಾಧನ, ಅನುಮಾನವಿಲ್ಲ. ಸಿಮ್ಯುಲಿಂಕ್‌ಗೆ ಸರಿಸಾಟಿ ಉಚಿತ ಸಾಧನ ಇಲ್ಲ ಎಂದೂ ಒಪ್ಪುತ್ತೇನೆ, ಸೈಲ್ಯಾಬ್‌ನ ಎಕ್ಸ್‌ಕಾಸ್ ಸ್ವಲ್ಪ ದೂರ ಬರುತ್ತದೆ ಅಷ್ಟೆ. ಮ್ಯಾಟ್‌ಲ್ಯಾಬ್ ಸ್ಕ್ರಿಪ್ಟ್ ಬರೆದವರು ಎಕ್ಸೆಲ್ ಬಳಿದವರಿಗಿಂತ ಎಷ್ಟೋ ಮೇಲು. ನನ್ನ ತಕರಾರು ಲ್ಯಾಬ್ ಮ್ಯಾನುಯಲ್‌ನಲ್ಲಿ ‘ಮ್ಯಾಟ್‌ಲ್ಯಾಬ್ ಬಳಸಿ’ ಎಂದು ಅಚ್ಚು ಹಾಕಿ, ಲೈಸೆನ್ಸ್ ಕೊಳ್ಳದ ಕಾಲೇಜುಗಳ ಬಗ್ಗೆ. ಅಲ್ಲಿ ನಡೆಯುವುದು ಏನೆಂದು ಓದಿದವರಿಗೆಲ್ಲ ಗೊತ್ತು: ಕ್ರ್ಯಾಕ್ ಮಾಡಿದ ಪ್ರತಿ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ವಿದ್ಯಾರ್ಥಿಗೆ ಮೊದಲ ಸೆಮಿಸ್ಟರಿನಲ್ಲೇ ಕಳ್ಳತನದ ಪ್ರಾಕ್ಟಿಕಲ್.

ಲೈಸೆನ್ಸ್ ಕೊಂಡರೂ ಅದು ಬಾಡಿಗೆ ಮನೆಯೇ. 2020ರಲ್ಲಿ ಅಮೆರಿಕ ಸರ್ಕಾರದ ನಿರ್ಬಂಧ ಪಟ್ಟಿಗೆ ಸೇರಿದ ಚೀನಾದ ಹಾರ್ಬಿನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಮ್ಯಾಟ್‌ಲ್ಯಾಬ್ ಬಂದ್ ಆಯಿತು. ವರ್ಷಗಟ್ಟಲೆ ಬರೆದ ಕೋಡ್ ಕೈಯಲ್ಲಿತ್ತು, ಓಡಿಸುವ ಸಾಧನ ಹೋಯಿತು. ಚೀನಾದ ರಾಜಕೀಯ ಬೇರೆ, ನಮ್ಮದು ಬೇರೆ ಎನ್ನಬಹುದು. 1998ರ ಪೋಖ್ರಾನ್ ಆದಮೇಲೆ ನಮ್ಮ ಪ್ರಯೋಗಾಲಯಗಳ ಮೇಲೂ ಅಮೆರಿಕದ ನಿರ್ಬಂಧ ಬಿದ್ದಿತ್ತು ಎಂಬುದನ್ನು ಮರೆಯದಿದ್ದರೆ ಸಾಕು.

ಬದಲಿ ಸಾಧನ ಇಲ್ಲ, ಕಲಿಸುವವರಿಲ್ಲ ಎನ್ನುವ ಮಾತು ಮುಂಬೈಯಲ್ಲಿ ಕೂತು ಹೇಳುವಂಥದ್ದೇ ಅಲ್ಲ. ಪೊವೈನ ಐಐಟಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ಹಣದಲ್ಲಿ ಫಾಸ್ಸಿ ಎಂಬ ಯೋಜನೆ ನಡೆಯುತ್ತಿದೆ. ಪ್ರಸಿದ್ಧ ಪಠ್ಯಪುಸ್ತಕಗಳ ಉದಾಹರಣೆ ಲೆಕ್ಕಗಳನ್ನು ಊರೂರಿನ ವಿದ್ಯಾರ್ಥಿಗಳ ಕೈಲಿ ಸೈಲ್ಯಾಬ್‌ನಲ್ಲಿ ಬರೆಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅಲ್ಲಿಂದಲೇ ಬಂದ ಸ್ಪೋಕನ್ ಟ್ಯುಟೋರಿಯಲ್‌ಗಳು ಕನ್ನಡವೂ ಸೇರಿ ಅನೇಕ ಭಾರತೀಯ ಭಾಷೆಗಳಲ್ಲಿವೆ. ಮೂರು ಆಯಾಮದ ದತ್ತಾಂಶವನ್ನು ಚಿತ್ರವಾಗಿ ತೋರಿಸುವ ಮಾಯಾವಿ ಎಂಬ ಪೈಥಾನ್ ಸಾಧನ ಬರೆದವರು ಅದೇ ಐಐಟಿಯ ಪ್ರಭು ರಾಮಚಂದ್ರನ್. ಜೂಲಿಯಾ ಭಾಷೆ ಕಟ್ಟಿದ ನಾಲ್ವರಲ್ಲಿ ಒಬ್ಬರಾದ ವಿರಲ್ ಶಾ ಆಧಾರ್ ಯೋಜನೆಯಲ್ಲಿ ದುಡಿದವರು. ನಮ್ಮವರೇ ಕಟ್ಟಿದ್ದನ್ನು ನಾವು ಸಿಲಬಸ್‌ನಲ್ಲಿ ಸೇರಿಸಲು ಅಂಜುತ್ತೇವೆ.

ಈಗ ನನ್ನ ವಾದಕ್ಕೇ ಎದುರಾಗುವ ಸಂಗತಿ. ಸ್ಕ್ರಿಪ್ಟ್ ಬರೆದ ಮಾತ್ರಕ್ಕೆ ಪಾಪ ತೊಳೆಯುವುದಿಲ್ಲ. 2019ರಲ್ಲಿ ಗಿಟ್‌ಹಬ್‌ನ ಸುಮಾರು 14 ಲಕ್ಷ ಜುಪಿಟರ್ ನೋಟ್‌ಬುಕ್‌ಗಳನ್ನು ಜಾಲಾಡಿದ ಅಧ್ಯಯನವೊಂದು ಬಂತು. ಅವುಗಳಲ್ಲಿ ಓಡಿಸಿ ನೋಡಲು ಆಗುವಂಥವನ್ನು ಓಡಿಸಿದಾಗ ತಪ್ಪಿಲ್ಲದೆ ಓಡಿದ್ದು ಶೇ. 24, ಮೊದಲಿನದೇ ಉತ್ತರ ಕೊಟ್ಟಿದ್ದು ಶೇ. 4 ಮಾತ್ರ. ಅದೇ ವರ್ಷ ಹವಾಯಿಯ ರಸಾಯನಶಾಸ್ತ್ರಜ್ಞರು ಇನ್ನೊಂದು ಪತ್ತೆ ಮಾಡಿದರು. ಅಣುಗಳ ರಚನೆ ಲೆಕ್ಕ ಹಾಕಲು ಹಲವರು ಬಳಸುತ್ತಿದ್ದ ಪೈಥಾನ್ ಸ್ಕ್ರಿಪ್ಟ್ ಒಂದು, ಕಂಪ್ಯೂಟರ್ ಬದಲಾದರೆ ಉತ್ತರವನ್ನೂ ಬದಲಿಸುತ್ತಿತ್ತು. ಫೈಲುಗಳ ಪಟ್ಟಿಯನ್ನು ಎಲ್ಲ ಆಪರೇಟಿಂಗ್ ಸಿಸ್ಟಂಗಳೂ ಒಂದೇ ಕ್ರಮದಲ್ಲಿ ಕೊಡುತ್ತವೆ ಎಂದು ಬರೆದವರು ನಂಬಿದ್ದರು, ಕೊಡುವುದಿಲ್ಲ. ನೂರಕ್ಕೂ ಹೆಚ್ಚು ಪ್ರಬಂಧಗಳ ಮೇಲೆ ಅನುಮಾನದ ನೆರಳು ಬಿತ್ತು. ನೋಡಿ, ಸ್ಕ್ರಿಪ್ಟೂ ಸುಳ್ಳಾಡುತ್ತದೆ ಎಂದು ಇದನ್ನು ನನ್ನ ಮುಖಕ್ಕೆ ಹಿಡಿದವರಿದ್ದಾರೆ. ಹೌದು, ಆಡಿತು. ಸಿಕ್ಕಿಬಿದ್ದದ್ದು ಹೇಗೆ? ಸ್ಕ್ರಿಪ್ಟ್ ಎಲ್ಲರ ಕೈಯಲ್ಲಿತ್ತು, ಓದಲು ಬರುತ್ತಿತ್ತು, ತಪ್ಪಿನ ಸಾಲನ್ನು ಬೆರಳಿಟ್ಟು ತೋರಿಸಿ ಎಲ್ಲರಿಗೂ ಒಟ್ಟಿಗೆ ತಿದ್ದಿಕೊಡಲು ಆಯಿತು.

ಹಾಗಾಗಿ ನಾನು ಕೇಳುವುದು ಬರೀ ಸ್ಕ್ರಿಪ್ಟ್ ಅಲ್ಲ. ಥೀಸಿಸ್ ಸಲ್ಲಿಸುವಾಗ ಮುಟ್ಟದ ಮೂಲ ದತ್ತಾಂಶ, ಅದರಿಂದ ಕೊನೆಯ ಕೋಷ್ಟಕದವರೆಗಿನ ಕೋಡ್, ಯಾವ ಲೈಬ್ರರಿಯ ಯಾವ ಆವೃತ್ತಿ ಎಂಬ ಪಟ್ಟಿ, ಇವೆಲ್ಲ ಜೊತೆಗಿರಲಿ. ರೋಗಿಗಳ ವಿವರದಂಥ ಗುಟ್ಟಿನ ದತ್ತಾಂಶವಿದ್ದರೆ ಅದರ ಬದಲು ಮಾದರಿ ಫೈಲು ಕೊಡಲಿ. ವೈವಾಕ್ಕೆ ಬರುವ ಪರೀಕ್ಷಕರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದೇ ಒಂದು ಕೋಷ್ಟಕ ಓಡಿಸಿ ನೋಡಲಿ, ಬರದಿದ್ದರೆ ವೈವಾ ಮುಂದೂಡಲಿ. ಗೈಡ್‌ಗಳಿಗೆ ಇದು ಹೊರೆ ಎನ್ನುತ್ತಾರೆ. ಬೈಂಡಿಂಗ್ ಬಣ್ಣ ಸರಿಯಿಲ್ಲವೆಂದು ಥೀಸಿಸ್ ವಾಪಸ್ ಕಳಿಸಲು ಪುರುಸೊತ್ತಿರುವ ವ್ಯವಸ್ಥೆಗೆ ಇದಕ್ಕೂ ಪುರುಸೊತ್ತು ಸಿಗುತ್ತದೆ.

ಕೋಷ್ಟಕ 4.2ರ ಕಥೆ ಅರ್ಧಕ್ಕೆ ಬಿಟ್ಟೆ. ಗೈಡ್ ಮಾತು ಮೀರಿ ನಾನು ಕೇಂದ್ರಗಳ ಮೂಲ ದಾಖಲೆಯಿಂದಲೇ ಲೆಕ್ಕ ಹೊಸದಾಗಿ ಬರೆದೆ. ಅಂಕಿ ಹಳೆಯದಕ್ಕಿಂತ ಹೆಚ್ಚು ಬಂತು. ಎಷ್ಟು ವ್ಯತ್ಯಾಸ ಹಳದಿ ಸೆಲ್‌ಗಳದ್ದು, ಎಷ್ಟು ನಿಜವಾದ ಮಳೆಯದ್ದು ಎಂದು ಇವತ್ತಿಗೂ ಹೇಳಲಾರೆ, ಹಳೆಯ ಲೆಕ್ಕ ಯಾರ ಬಳಿಯೂ ಇಲ್ಲ. ನನ್ನ ಸ್ಕ್ರಿಪ್ಟನ್ನು ಥೀಸಿಸ್‌ನ ಜೊತೆಗೇ ಹಾಕಿದ್ದೆ. ಹೋದ ವರ್ಷ ಅದೇ ಲ್ಯಾಬಿಗೆ ಸೇರಿದ ಹುಡುಗಿಯೊಬ್ಬಳು ಮೇಲ್ ಮಾಡಿದಳು: ಸರ್, ಒಂದು ಕೇಂದ್ರದಲ್ಲಿ ಮುಂಗಾರಿನ ಎರಡು ತಿಂಗಳ ದಾಖಲೆಯೇ ಇಲ್ಲದ ವರ್ಷವನ್ನೂ ನೀವು ಪೂರ್ತಿ ವರ್ಷವೆಂದು ಎಣಿಸಿದ್ದೀರಿ, ಆ ವರ್ಷದ ಗರಿಷ್ಠ ಮಳೆ ಕಡಿಮೆ ತೋರಿಸುತ್ತಿದೆ. 61ನೇ ಸಾಲು ನೋಡಿ ಎಂದಿದ್ದಳು. ನೋಡಿದೆ, ಅವಳು ಹೇಳಿದ್ದು ಸರಿಯಿತ್ತು.