ಮನೆ ಕೊಳ್ಳುವವರು ದಲ್ಲಾಳಿಯನ್ನು ಕೇಳತಕ್ಕ ಮಾತುಗಳು

ಹೊಸದಾಗಿ ಮನೆಯನ್ನು ಕೊಳ್ಳಹೊರಟ ಗೃಹಸ್ಥನು ದಲ್ಲಾಳಿಯ ಎದುರಿಗೆ ಕುಳಿತೊಡನೆ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಬಾಗಿಲು ಯಾವ ದಿಕ್ಕಿಗಿದೆ, ಬೆಲೆಯೆಷ್ಟು, ಅದರಲ್ಲಿ ಇಳಿಯುವುದೆಷ್ಟು. ಈ ಮೂರಕ್ಕೂ ದಲ್ಲಾಳಿಯ ಬಾಯಲ್ಲಿ ಉತ್ತರವು ಸಿದ್ಧವಾಗಿರುವುದು. ಮನೆಯು ಯಾರದು, ಅದರ ಮೇಲೆ ಇನ್ನಾರಿಗೆ ಹಕ್ಕುಂಟು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ವಾಸ್ತುವಿದ್ಯೆಯನ್ನು ನಾನು ಹಳಿಯುವವನಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದಕ್ಕೆ ಒಂದು ಅಧ್ಯಾಯವೇ ಮೀಸಲಾಗಿರುವುದು. ಆದರೆ ಈಶಾನ್ಯದ ಮೂಲೆಯು ಶುದ್ಧವಾಗಿದ್ದು ಮೂಲಪತ್ರವು ಅಶುದ್ಧವಾಗಿರುವ ಮನೆಯಲ್ಲಿ ಲಕ್ಷ್ಮಿಯು ಎಷ್ಟು ದಿವಸ ನಿಂತಾಳು?

ಕುವೆಂಪುನಗರದಲ್ಲಿ ಬಾಡಿಗೆಗಿರುವ ವಾಚಕರೊಬ್ಬರು ಈ ಬಗ್ಗೆ ಪತ್ರ ಬರೆದಿರುವರು. ದಂಪತಿಗಳಿಬ್ಬರೂ ದುಡಿಯುವವರು. ಹತ್ತು ವರ್ಷಗಳ ಉಳಿತಾಯ, ಊರಿನಲ್ಲಿ ಅತ್ತೆಯವರು ಬಿಚ್ಚಿಕೊಟ್ಟ ಒಡವೆ, ಇದರ ಮೇಲೆ ಬ್ಯಾಂಕಿನ ಇಪ್ಪತ್ತು ವರ್ಷದ ಸಾಲ, ಇಷ್ಟನ್ನೂ ಕೂಡಿಸಿ ಒಂದು ಮನೆಯನ್ನು ನೋಡಿರುವರು. ದಲ್ಲಾಳಿಯು ಭಾನುವಾರದೊಳಗೆ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಹೋಗುವುದೆಂದು ಅವಸರಪಡಿಸುತ್ತಿರುವನಂತೆ. ಏನು ಕೇಳಬೇಕು ಎಂಬುದು ಅವರ ಪ್ರಶ್ನೆ. ಭಾನುವಾರವನ್ನು ದಾಟಿಸಿ ಎಂಬುದು ನನ್ನ ಮೊದಲ ಉತ್ತರ. ಮೈಸೂರಿನಲ್ಲಿ ಮನೆಗಳಿಗೆ ಬರಗಾಲವಿಲ್ಲ.

ಈ ವಿಷಯದಲ್ಲಿ ನಮ್ಮ ಹಿರಿಯರು ಮಾಡಿಕೊಂಡಿದ್ದ ಏರ್ಪಾಡೊಂದನ್ನು ಇಲ್ಲಿ ಹೇಳಬೇಕು. 1905ರಲ್ಲಿ ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ, ಹೊಲಗಳ ಮಾರಾಟದ ಕ್ರಮವು ಹೀಗೆ ವಿಧಿಸಲ್ಪಟ್ಟಿದೆ: ಕೊಳ್ಳಲು ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಅನಂತರ ಸಾಲ ಕೊಟ್ಟ ಧನಿಕರಿಗೆ ಅವಕಾಶ. ಮಾರತಕ್ಕ ಮನೆಯ ಮುಂದೆ ನೆರೆಯ ನಲವತ್ತು ಕುಲದವರನ್ನು ಕೂಡಿಸಿ, ಎಲ್ಲೆಗಳನ್ನೂ ಬೆಲೆಯನ್ನೂ ಮೂರು ಸಾರಿ ಸಾರಬೇಕು. ಯಾರೂ ಅಡ್ಡಿ ಹೇಳದಿದ್ದರೆ ಮಾತ್ರ ಕೊಳ್ಳುವವನಿಗೆ ಕೊಳ್ಳುವ ಹಕ್ಕು. ಇದರ ಮರ್ಮವನ್ನು ಗಮನಿಸಬೇಕು. ಮನೆಯ ಮೇಲೆ ಯಾರು ಯಾರಿಗೆ ಹಕ್ಕಿರಬಹುದೋ ಅವರೆಲ್ಲರೂ ಹಣವು ಕೈಬದಲಾಗುವ ಮೊದಲೇ ಬಾಯಿ ಬಿಡುವಂತೆ ಮಾಡುವ ಉಪಾಯವಿದು.

ಇಂದು ಆ ನಲವತ್ತು ಕುಲದವರಿಲ್ಲ. ಅವರ ಕೆಲಸವನ್ನು ನೋಂದಣಿಯ ಕಛೇರಿಯು ಮಾಡುವುದೆಂದು ಬಹು ಜನರು ನಂಬಿರುವರು. ಅದು ತಪ್ಪು ತಿಳಿವಳಿಕೆ. ಉಪನೋಂದಣಾಧಿಕಾರಿಯು ಪತ್ರವನ್ನು ನೋಂದಾಯಿಸುವನೇ ಹೊರತು, ಮಾರುವವನಿಗೆ ಮಾರುವ ಹಕ್ಕು ಪೂರ್ಣವಾಗಿ ಇದೆಯೆಂದು ಸರ್ಕಾರದ ಪರವಾಗಿ ಹೊಣೆ ಹೊರುವುದಿಲ್ಲ. ಆದುದರಿಂದ ಮೂರು ಸಾರಿ ಸಾರುವ ಭಾರವು ಕೊಳ್ಳುವವನ ತಲೆಯ ಮೇಲೆಯೇ ಬಂದಿರುವುದು.

ದಲ್ಲಾಳಿಯನ್ನು ಕೇಳತಕ್ಕ ಮೊದಲ ಮಾತು ಅವನ ವಿಷಯವೇ ಆಗಿರಬೇಕು: "ತಾವು ಯಾರ ಕಡೆಯವರು?" ನಮ್ಮ ಊರಿನ ರೂಢಿಯಂತೆ ಅವನು ಎರಡು ಕಡೆಯಿಂದಲೂ ದಲ್ಲಾಳಿ ಪಡೆಯುವವನು. ಅದರಲ್ಲಿ ದೋಷವೇನೂ ಇಲ್ಲ, ಆದರೆ ತಿಳಿದಿರಬೇಕು. ಬೆಲೆಯು ಹೆಚ್ಚಿದಷ್ಟೂ ಅವನ ಪಾಲೂ ಹೆಚ್ಚುವುದೆಂಬುದನ್ನೂ ನೆನಪಿಡಬೇಕು. ಹೊಸ ಬಡಾವಣೆಯ ನಿವೇಶನವನ್ನಾಗಲಿ ಕಟ್ಟುತ್ತಿರುವ ಫ್ಲಾಟನ್ನಾಗಲಿ ತೋರಿಸುವವನಾದರೆ ರೇರಾ ನೋಂದಣಿಯ ಸಂಖ್ಯೆಯನ್ನು ಕೇಳತಕ್ಕದ್ದು. 2016ರ ಆ ಕಾನೂನಿನಂತೆ 500 ಚದರ ಮೀಟರಿಗೆ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟುಗಳುಳ್ಳ ಯೋಜನೆಯು ನೋಂದಣಿಯಾಗಬೇಕು. ಅಂಥ ಯೋಜನೆಯಲ್ಲಿ ಮಾರಿಸಿಕೊಡುವ ದಲ್ಲಾಳಿಯೂ ನೋಂದಾಯಿತನಾಗಿರಬೇಕು. ಹಳೆಯ ಮೊಹಲ್ಲದಲ್ಲಿ ಒಬ್ಬ ಗೃಹಸ್ಥನ ಮನೆಯನ್ನು ಇನ್ನೊಬ್ಬನಿಗೆ ಕೊಡಿಸುವ ದಲ್ಲಾಳಿಗೆ ಈ ಸಂಖ್ಯೆ ಇಲ್ಲದಿರಬಹುದು. ಅಷ್ಟರಿಂದಲೇ ಅವನನ್ನು ಕಳ್ಳನೆಂದು ತಿಳಿಯಬೇಕಾಗಿಲ್ಲ.

ಎರಡನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: "ಈ ಮನೆಯ ಮಾರಾಟಕ್ಕೆ ಯಾರು ಯಾರ ರುಜು ಬೇಕು? ಅವರೆಲ್ಲರೂ ಒಪ್ಪಿರುವರೇ?" ನನ್ನಲ್ಲಿ ಓದಿದ ಶಿಷ್ಯನೊಬ್ಬನು ಸರಸ್ವತೀಪುರದಲ್ಲಿ ಅಣ್ಣತಮ್ಮಂದಿರಿಬ್ಬರಿಂದ ಒಂದು ಮನೆಯನ್ನು ಕೊಂಡನು. ತಂದೆಯು ಉಯಿಲು ಬರೆಯದೆ ತೀರಿಕೊಂಡಿದ್ದನು. ಮಕ್ಕಳಿಬ್ಬರೂ ರುಜು ಹಾಕಿದರು, ಗೃಹಪ್ರವೇಶವಾಯಿತು, ನಾನೂ ಹೋಗಿ ಊಟ ಮಾಡಿ ಬಂದೆನು. ಎರಡನೆಯ ವರ್ಷ ಶಿವಮೊಗ್ಗದಿಂದ ವಕೀಲರ ನೋಟೀಸು ಬಂದಿತು. ಆ ಮನೆಯಲ್ಲಿ ಹುಟ್ಟಿ ಅಲ್ಲಿಗೆ ಮದುವೆಯಾಗಿ ಹೋಗಿದ್ದ ಮಗಳು ತನ್ನ ಪಾಲನ್ನು ಕೇಳಿದ್ದಳು. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಿಗೂ ಸಮಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾನೂನೇ ಹೇಳುವುದು. ಪಿತ್ರಾರ್ಜಿತದಲ್ಲಿಯೂ ಮಗಳು ಹುಟ್ಟಿನಿಂದಲೇ ಸಹಭಾಗಿಯೆಂಬುದು 2005ರ ತಿದ್ದುಪಡಿಯಿಂದ ಬಂದು, 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಸ್ಪಷ್ಟವಾಯಿತು. ಅವಳು ಕೇಳಿದ್ದು ಅನ್ಯಾಯವಲ್ಲ. ನನ್ನ ಶಿಷ್ಯನು ಆರು ವರ್ಷ ನ್ಯಾಯಾಲಯಕ್ಕೆ ಅಲೆದು ಕೊನೆಗೆ ರಾಜಿಯಾಗಿ, ಅದೇ ಮನೆಗೆ ಮತ್ತೊಮ್ಮೆ ಹಣ ತೆತ್ತನು. ದಲ್ಲಾಳಿಯು ಅದೇ ಬೀದಿಯವನು. ಆ ಹೆಣ್ಣುಮಗಳ ಮದುವೆಯಲ್ಲಿ ಉಂಡವನು. "ಗೊತ್ತಿದ್ದೂ ಏಕೆ ಹೇಳಲಿಲ್ಲ?" ಎಂದರೆ, "ತಾವು ಕೇಳಲಿಲ್ಲವಲ್ಲ, ಸಾರ್" ಎಂದನಂತೆ.

ಈ ಉತ್ತರವು ನಿರ್ಲಜ್ಜವಾದರೂ ಅದರಲ್ಲಿ ಒಂದು ತಥ್ಯವುಂಟು. ದಲ್ಲಾಳಿಗೆ ಪತ್ರಗಳಲ್ಲಿರುವುದಕ್ಕಿಂತ ಹೆಚ್ಚು ತಿಳಿದಿರುವುದು. ದಾಯಾದಿಗಳ ಜಗಳ, ಹಳೆಯ ಸಾಲ, ಮೂರು ಸಾರಿ ಮಾತುಕತೆ ಮುರಿದುಬಿದ್ದ ಕಾರಣ, ಎಲ್ಲವೂ ಅವನ ಕಿವಿಗೆ ಬಿದ್ದಿರುವುದು. ತಾನಾಗಿ ಹೇಳುವುದು ಅವನ ಕಸುಬಿಗೆ ವಿರೋಧ. ನೇರವಾಗಿ ಕೇಳಿದಾಗ ಸುಳ್ಳು ಹೇಳುವುದಕ್ಕೆ ಮಾತ್ರ ಅನೇಕರು ಅಂಜುವರು. ಆದಕಾರಣ ವಂಶವೃಕ್ಷವನ್ನು ತರಿಸಿ, ಹೆಣ್ಣುಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹಿಡಿದು ಕೇಳಬೇಕು. ಉತ್ತರವನ್ನು ಫೋನಿನ ಸಂದೇಶದಲ್ಲಿಯಾದರೂ ಬರಹದಲ್ಲಿ ಪಡೆಯಬೇಕು. "ಈ ಮನೆಯನ್ನು ಮೊದಲು ನೋಡಿದವರು ಏಕೆ ಬಿಟ್ಟರು?" ಎಂಬ ಮಾತನ್ನೂ ಮರೆಯದೆ ಕೇಳಿರಿ. ಯಜಮಾನರು ಬರಲಾರರು, ಜಿ.ಪಿ.ಎ. ಇದೆ ಎಂದರೆ ಯಜಮಾನರನ್ನು ಕಾಣದೆ ಹೆಜ್ಜೆ ಇಡಬಾರದು. ಬರಿಯ ಅಧಿಕಾರಪತ್ರದ ಮೂಲಕ ನಡೆಸುವ "ಜಿ.ಪಿ.ಎ. ಮಾರಾಟ"ದಿಂದ ಒಡೆತನವು ಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದು.

ಮೂರನೆಯದು ನಿವೇಶನದ ಜನ್ಮವೃತ್ತಾಂತ. ಪ್ಲೇಗಿನ ಹಾವಳಿಯ ತರುವಾಯ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ಅದರ ಸ್ಥಾನಕ್ಕೆ 1988ರಲ್ಲಿ ಮುಡಾ ಬಂದಿತು. ಇವು ಹಂಚಿದ ನಿವೇಶನವಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರಗಳ ಸರಪಣಿ ಇರುವುದು. ಅದರಲ್ಲಿ ಒಂದು ಕೊಂಡಿಯೂ ಕಳಚಿರಬಾರದು. ಆದರೆ ಈ ಮುದ್ರೆಯೊಂದನ್ನೇ ನೆಚ್ಚಿ ಕಣ್ಣು ಮುಚ್ಚುವಂತಿಲ್ಲ. 50:50 ಅನುಪಾತದಲ್ಲಿ ಕೊಟ್ಟ ಬದಲಿ ನಿವೇಶನಗಳ ಬಗ್ಗೆ 2024ರಲ್ಲಿ ಎದ್ದ ವಿವಾದವನ್ನು ಎಲ್ಲರೂ ಬಲ್ಲರು. 2025ರ ಜನವರಿಯಲ್ಲಿ ಜಾರಿ ನಿರ್ದೇಶನಾಲಯವು 142 ಸ್ಥಿರಾಸ್ತಿಗಳನ್ನು ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿತು. "ಇದು ಬದಲಿ ನಿವೇಶನವೇ? ಯಾವ ಭೂಮಿಗೆ ಬದಲಾಗಿ, ಯಾರಿಗೆ, ಯಾವ ವರ್ಷ ಕೊಟ್ಟದ್ದು?" ಎಂದು ಕೇಳುವುದು ಈಗ ಮೈಸೂರಿಗರಿಗೆ ಅನಿವಾರ್ಯ.

ಊರಿನ ಹೊರವಲಯದ ಖಾಸಗಿ ಬಡಾವಣೆಯಾದರೆ, ಅದು ಹಿಂದೆ ಯಾರ ಹೊಲವೆಂಬುದರಿಂದ ಪ್ರಾರಂಭಿಸಬೇಕು. ವ್ಯವಸಾಯದ ಭೂಮಿಯು 1964ರ ಭೂಕಂದಾಯ ಕಾನೂನಿನಂತೆ ಪರಿವರ್ತನೆಯಾಗಿರಬೇಕು, ಬಡಾವಣೆಯ ನಕ್ಷೆಯು ಅನುಮೋದನೆ ಪಡೆದಿರಬೇಕು. ಇವೆರಡೂ ಇಲ್ಲದ ರೆವಿನ್ಯೂ ಸೈಟು ಅಗ್ಗವಾಗಿ ಸಿಕ್ಕುವುದು ಸಹಜವೇ. ಸರ್ಕಾರವು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಮಾರಿದ್ದರೆ 1978ರ ಕಾನೂನಿನಂತೆ ಅದು ಮೂಲದವರಿಗೆ ಹಿಂದಿರುಗುವುದು. ಅರ್ಜಿ ಹಾಕಲು ಕಾಲಮಿತಿಯಿಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಬಡವನಿಗೆ ಕೊಟ್ಟ ನೆಲವನ್ನು ಬಲ್ಲವರು ಕಿತ್ತುಕೊಳ್ಳದಿರಲೆಂದು ಮಾಡಿದ ಈ ಕಾನೂನು ನನಗೆ ಮೆಚ್ಚುಗೆ. ಕೊಳ್ಳುವವನು ಮಾತ್ರ "ಇದು ಮಂಜೂರಾತಿ ಜಮೀನೇ?" ಎಂದು ಮೊದಲೇ ವಿಚಾರಿಸಬೇಕು.

ಪತ್ರಗಳ ವಿಷಯವನ್ನು ವಕೀಲರಿಗೆ ಬಿಡಬೇಕು. ದಲ್ಲಾಳಿಯು ಗೊತ್ತುಮಾಡಿಕೊಟ್ಟ ವಕೀಲರಿಗಲ್ಲ. ಎರಡು ಭ್ರಮೆಗಳನ್ನು ಮಾತ್ರ ಇಲ್ಲಿ ಬಿಡಿಸುವೆನು. ಖಾತೆಯೆಂಬುದು ತೆರಿಗೆಯ ಲೆಕ್ಕದ ಹೆಸರು, ಒಡೆತನದ ಆಧಾರವಲ್ಲ. ಇ-ಖಾತೆಯಿಲ್ಲದೆ ಈಗ ನೋಂದಣಿ ನಡೆಯದೆಂಬುದು ನಿಜ. ಅದಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಬಿ-ಖಾತೆಯಾದರೆ ಬ್ಯಾಂಕು ಸಾಲ ಕೊಡುವುದೇ ಎಂಬುದನ್ನು ಮುಂಗಡಕ್ಕೆ ಮೊದಲೇ ವಿಚಾರಿಸಬೇಕು. ಇನ್ನು ಇ.ಸಿ. ಎಂಬ ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುವುದು. ನೋಂದಣಿಯಾಗದ ಉಯಿಲಾಗಲಿ, ನಡೆಯುತ್ತಿರುವ ದಾವೆಯಾಗಲಿ ಅದರಲ್ಲಿ ಕಾಣದಿರಬಹುದು. ಆದುದರಿಂದ "ಮೂಲಪತ್ರಗಳು ಎಲ್ಲಿವೆ? ಕಣ್ಣಾರೆ ತೋರಿಸಿರಿ" ಎನ್ನಬೇಕು. ನೆರಳಚ್ಚನ್ನೇ ಮುಂದೆ ಮಾಡುತ್ತಿದ್ದರೆ ಮೂಲವು ಯಾವುದೋ ಬ್ಯಾಂಕಿನ ಕಪಾಟಿನಲ್ಲಿರಬಹುದು. ಆಮೇಲೆ ವಕೀಲರ ಮೂಲಕ ದಿನಪತ್ರಿಕೆಯಲ್ಲಿ ಆಕ್ಷೇಪಣೆಗಳನ್ನು ಕರೆದು ಪ್ರಕಟಣೆ ಕೊಡಿಸಬೇಕು. ಕೌಟಿಲ್ಯನು ಹೇಳಿದ ಸಾರಿಕೆಯು ನಮಗೆ ಈ ರೂಪದಲ್ಲಿ ಉಳಿದಿರುವುದು. "ಪೇಪರಿನಲ್ಲಿ ಹಾಕಿಸಿದರೆ ಯಜಮಾನರು ಬೇಸರಪಡುವರು" ಎಂದು ದಲ್ಲಾಳಿಯು ತಡೆದರೆ, ಬೇಸರಕ್ಕೆ ಕಾರಣವೇನೆಂದು ಅವನನ್ನೇ ಕೇಳಬಹುದು.

ಫ್ಲಾಟು ಕೊಳ್ಳುವವರು ಗೋಡೆಗಳೊಳಗೆ ಕಾಲಿಡಲು ದೊರೆಯುವ ಕಾರ್ಪೆಟ್ ವಿಸ್ತೀರ್ಣವೆಷ್ಟೆಂದು ಕೇಳಲಿ. ಕರಾರುಪತ್ರವು ನೋಂದಣಿಯಾಗುವ ಮೊದಲು ಶೇಕಡ 10ಕ್ಕಿಂತ ಹೆಚ್ಚು ಹಣವನ್ನು ಪಡೆಯಲು ಕಟ್ಟುವವರಿಗೆ ರೇರಾ ಕಾನೂನಿನಲ್ಲಿ ಅವಕಾಶವಿಲ್ಲ.

ಬೆಲೆಯ ಮೇಲೆ ಬೀಳುವ ಖರ್ಚನ್ನು ದಲ್ಲಾಳಿಯು ಕೊನೆಗೆ ಹೇಳುವನು. ನೀವು ಮೊದಲೇ ಲೆಕ್ಕ ಹಾಕಿರಿ. 60 ಲಕ್ಷ ರೂಪಾಯಿಯ ಮನೆಗೆ ನಗರದಲ್ಲಿ ಮುದ್ರಾಂಕ ಶುಲ್ಕ ಶೇಕಡ 5ರಂತೆ 3 ಲಕ್ಷ, ಅದರ ಮೇಲೆ ಸೆಸ್ಸು 30 ಸಾವಿರ, ಸರ್‌ಚಾರ್ಜು 6 ಸಾವಿರ, 2025ರ ಆಗಸ್ಟ್ ಕೊನೆಯಿಂದ ಇಮ್ಮಡಿಯಾದ ನೋಂದಣಿ ಶುಲ್ಕ ಶೇಕಡ 2ರಂತೆ 1 ಲಕ್ಷ 20 ಸಾವಿರ, ಒಟ್ಟು 4 ಲಕ್ಷ 56 ಸಾವಿರ ರೂಪಾಯಿ. ಇದು ಸಾಲದೆಂದು ಬೆಲೆಯು 50 ಲಕ್ಷಕ್ಕೆ ಕಡಮೆಯಿಲ್ಲದಿದ್ದರೆ ಮಾರುವವನಿಗೆ ಕೊಡುವ ಹಣದಲ್ಲಿ ಶೇಕಡ 1ನ್ನು ಹಿಡಿದು ಆದಾಯ ತೆರಿಗೆಗೆ ಕಟ್ಟುವ ಹೊಣೆ ಕೊಳ್ಳುವವನದೇ. ಪತ್ರದಲ್ಲಿ ಬೆಲೆಯನ್ನು ಇಳಿಸಿ ಬರೆಯೋಣವೆಂಬ ಸಲಹೆ ಬಂದರೆ ಕೈಮುಗಿದು ಎದ್ದು ಬರುವುದು ಮೇಲು.

ಇಷ್ಟಾದ ಮೇಲೆ ದಲ್ಲಾಳಿಯಿಲ್ಲದೆ ಒಂದು ಸಂಜೆ ಆ ಬೀದಿಗೆ ಹೋಗಿ, ಎದುರುಮನೆಯ ಜಗಲಿಯಲ್ಲಿ ಕುಳಿತವರನ್ನು ಮಾತನಾಡಿಸಬೇಕು. ವಾಣಿವಿಲಾಸದ ನೀರು ಎಷ್ಟು ದಿನಕ್ಕೊಮ್ಮೆ ಬರುವುದು, ಬರಿಯ ಬೋರ್‌ವೆಲ್ಲೇ, ಒಳಚರಂಡಿಯು ಎಲ್ಲಿಗೆ ಸೇರುವುದು, ಮಳೆ ಬಂದಾಗ ನೀರು ಎಲ್ಲಿ ನಿಲ್ಲುವುದು ಎಂಬುದನ್ನು ಅವರು ಕೇಳದಿದ್ದರೂ ಹೇಳುವರು. ಆ ಮನೆಯ ಹೆಣ್ಣುಮಕ್ಕಳು ಎಲ್ಲಿಗೆ ಮದುವೆಯಾಗಿ ಹೋಗಿರುವರು ಎಂಬುದನ್ನೂ ಅವರಲ್ಲಿಯೇ ವಿಚಾರಿಸಬಹುದು.

ದಲ್ಲಾಳಿಯ ಹಣವನ್ನು ಯಾವಾಗ ಕೊಡಬೇಕೆಂದು ಪತ್ರ ಬರೆದವರು ಕೊನೆಯಲ್ಲಿ ಕೇಳಿರುವರು. ಕರಾರಿನ ದಿವಸ ಕೊಡಬೇಡಿ. ನೋಂದಣಿಯಾಗಿ, ಮೂಲಪತ್ರಗಳೂ ಬೀಗದ ಕೈಯೂ ವಿದ್ಯುತ್ತು ಮತ್ತು ನೀರಿನ ಬಾಕಿ ತೀರಿದ ರಸೀದಿಗಳೂ ನಿಮ್ಮ ಕೈಸೇರಿದ ದಿವಸ, ಒಪ್ಪಿದ ಮೊತ್ತವನ್ನು ಕಾಸೂ ಕಡಮೆಮಾಡದೆ ಕೊಟ್ಟು ರಸೀದಿ ಪಡೆಯಿರಿ.