ಹೋಲ್ಡಿನಲ್ಲಿಟ್ಟ ಕಿವಿ

ಫೋನಿನಲ್ಲಿ ಕಾಯುವವರಿಗೆ ಸಂಗೀತ ಕೇಳಿಸುವುದು ಸೌಜನ್ಯವೆಂದು ನಂಬಿರುವ ಗೆಳೆಯರು ನನಗಿದ್ದಾರೆ. ‘ಏನೋ ಒಂದು ಕೇಳ್ತಿರಲಿ ಬಿಡು, ಹೊತ್ತು ಹೋಗುತ್ತೆ’ ಎನ್ನುತ್ತಾರೆ. ಹೋಗುತ್ತದೆ, ನಿಜ. ಯಾರ ಹೊತ್ತು, ಯಾರ ಲಾಭಕ್ಕೆ ಎಂಬುದೇ ನನ್ನ ತಕರಾರು.

ಇದು ಹುಟ್ಟಿದ್ದು ಆಕಸ್ಮಿಕವಾಗಿ. ಅಮೆರಿಕದ ಆಲ್‌ಫ್ರೆಡ್ ಲೆವಿ ಎಂಬಾತನ ಕಾರ್ಖಾನೆಯಲ್ಲಿ ಫೋನಿನ ತಂತಿಯೊಂದು ಕಟ್ಟಡದ ಉಕ್ಕಿನ ತೊಲೆಗೆ ತಾಗಿ, ಪಕ್ಕದ ರೇಡಿಯೊ ಕೇಂದ್ರದ ಹಾಡು ಕಾಯುತ್ತಿದ್ದವರ ಕಿವಿಗೆ ಬೀಳತೊಡಗಿತಂತೆ. 1962ರಲ್ಲಿ ಆತ ಪೇಟೆಂಟಿಗೆ ಅರ್ಜಿ ಹಾಕಿದ, 1966ರಲ್ಲಿ ಅದು ಸಿಕ್ಕಿತು. ಅವನ ಆಲೋಚನೆಯಲ್ಲಿ ಹುರುಳಿತ್ತು. ಪೂರ್ತಿ ಮೌನವಾದರೆ ಲೈನು ಕಟ್ಟಾಯಿತೆಂದು ಜನ ಫೋನು ಇಟ್ಟುಬಿಡುತ್ತಾರೆ; ಸದ್ದಿದ್ದರೆ ಆ ಕಡೆ ಜೀವವಿದೆ ಎಂಬ ಧೈರ್ಯ. ಅಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಸರತಿ ಸಾಲಿನ ಮನಶ್ಶಾಸ್ತ್ರದ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಒಂದು ಪ್ರಬಂಧ ಬರೆದ. ಮಾಡಲು ಏನೂ ಇಲ್ಲದ ಹೊತ್ತು ಉದ್ದವೆನಿಸುತ್ತದೆ. ಎಷ್ಟು ಹೊತ್ತೆಂದು ತಿಳಿಯದೆ ಕಾಯುವುದು, ಯಾಕೆಂದು ತಿಳಿಯದೆ ಕಾಯುವುದು ಕೂಡ ಉದ್ದವೆನಿಸುತ್ತದೆ. ಕಂಪನಿಗಳು ಇದರಲ್ಲಿ ಮೊದಲ ಮಾತನ್ನು ಮಾತ್ರ ಹೆಕ್ಕಿಕೊಂಡವು. ಹಾಡು ಹಾಕುವುದು ಅಗ್ಗ. ಎಷ್ಟು ಹೊತ್ತೆಂದು ಹೇಳಿದರೆ ಆ ಮಾತು ಉಳಿಸಿಕೊಳ್ಳಬೇಕಾಗುತ್ತದೆ.

ಹಾಡಾದರೂ ಹಾಡಾಗಿದೆಯೇ? ಹಳೆಯ ಫೋನು ಜಾಲ ಸಾಗಿಸುವುದು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು. ಮಾತು ತಿಳಿಯಲು ಅಷ್ಟು ಸಾಕು. ಮೃದಂಗದ ಎಡಗಡೆಯ ಗುಂಕಿ ಅಲ್ಲಿ ಸತ್ತೇಹೋಗುತ್ತದೆ. ಮೊಬೈಲಿನ ತಂತ್ರಾಂಶಕ್ಕಂತೂ ಮನುಷ್ಯನ ಗಂಟಲೇ ಮಾದರಿ, ಅದು ಕೊಳಲನ್ನೂ ಗಂಟಲೆಂದೇ ತಿಳಿದು ಹಿಸುಕುತ್ತದೆ. ಜೊತೆಗೆ ಅದೇ ತುಣುಕು ಮತ್ತೆ ಮತ್ತೆ. ಮೂರನೇ ಸಲಕ್ಕೆ ಅದು ಸಂಗೀತವಾಗಿ ಉಳಿಯುವುದಿಲ್ಲ, ಗಡಿಯಾರವಾಗುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಬೆಳಗಾದದ್ದೇ ತಿಳಿಯುವುದಿಲ್ಲ, ಯಾಕೆಂದರೆ ಭಾಗವತರು ಕತೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಇಲ್ಲಿ ಪ್ರಸಂಗ ಸಭಾಲಕ್ಷಣ ದಾಟುವುದೇ ಇಲ್ಲ!

ಅದಕ್ಕಿಂತ ಕೆಟ್ಟದ್ದು ನಡುನಡುವೆ ತೂರಿಬರುವ ದನಿ: ‘ನಿಮ್ಮ ಕರೆ ನಮಗೆ ಅಮೂಲ್ಯ.’ ಹಾಡು ನಿಂತ ಕೂಡಲೇ ಯಾರೋ ಬಂದರೆಂದು ಎದೆ ಎದ್ದು ಕೂರುತ್ತದೆ, ಮರುಕ್ಷಣ ಕುಸಿಯುತ್ತದೆ. ಮರೆತಿದ್ದ ಕಾಲವನ್ನು ಹೊಡೆದೆಬ್ಬಿಸುವ ಕೆಲಸ ಇದು. ಅಮ್ಮನ ಎಟಿಎಂ ಕಾರ್ಡು ಕಳೆದ ದಿನ ಒಂದು ಬ್ಯಾಂಕಿನ ಸಹಾಯವಾಣಿಗೆ ಫೋನು ಹಚ್ಚಿಕೊಟ್ಟೆ. ಇಪ್ಪತ್ತೆರಡು ನಿಮಿಷ. ಆ ದನಿ ಬಂದಾಗಲೆಲ್ಲ ಅಮ್ಮ, ‘ಆಗಲಿ ತಾಯಿ, ಕಾಯ್ತೀನಿ, ಸ್ವಲ್ಪ ಬೇಗ ನೋಡಿ’ ಅನ್ನುತ್ತಿದ್ದಳು. ಕಾರ್ಡಿನ ಜೊತೆ ಪಿನ್ ಬರೆದ ಚೀಟಿಯೂ ಹೋಗಿತ್ತು.

ಇನ್ನು ‘ಕಾಲದ ಅನುಭವ’ವೆಂಬ ತತ್ತ್ವವನ್ನು ಬದಿಗಿಡೋಣ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಗಾದರೆ ಆ ಇಪ್ಪತ್ತೆರಡು ನಿಮಿಷ ಯಾರ ಲೆಕ್ಕಕ್ಕೆ? ಕೊಳಲು ಎಷ್ಟೇ ಇಂಪಾಗಿದ್ದರೂ ಖಾತೆಯಿಂದ ಹಣ ಹೋಗುವ ವೇಗ ಕಡಿಮೆಯಾಗುವುದಿಲ್ಲ. ಕಾಯುವುದು ಚಿಕ್ಕದೆನಿಸುವಂತೆ ಮಾಡಿದಷ್ಟೂ ಜನ ಸಿಟ್ಟಾಗುವುದಿಲ್ಲ, ಸಿಟ್ಟಾಗದಿದ್ದರೆ ಇನ್ನಿಬ್ಬರನ್ನು ಕೆಲಸಕ್ಕೆ ಸೇರಿಸಬೇಕಾದ ಒತ್ತಡವೂ ಇಲ್ಲ.

ಟ್ರಂಕ್ ಕಾಲಿನ ದಿನಗಳನ್ನು ಹಿರಿಯರು ನಗುತ್ತಾ ನೆನೆಯುತ್ತಾರೆ. ಬೆಳಿಗ್ಗೆ ಬುಕ್ ಮಾಡಿದರೆ ಸಂಜೆಯಾದರೂ ಆಗುತ್ತಿತ್ತು. ಆದರೆ ಬುಕ್ ಮಾಡಿ ಫೋನಿಟ್ಟು ಕಾಫಿ ಕುಡಿಯಬಹುದಿತ್ತು, ಮಗುವಿಗೆ ಸ್ನಾನ ಮಾಡಿಸಬಹುದಿತ್ತು. ಲೈನು ಸಿಕ್ಕಾಗ ಎಕ್ಸ್‌ಚೇಂಜಿನವರೇ ಕರೆಯುತ್ತಿದ್ದರು. ನಿಧಾನ, ಒಪ್ಪಿದೆ. ಕಿವಿ ಮಾತ್ರ ನಮ್ಮದೇ ಆಗಿತ್ತು. ಕೈಯಿಂದ ತಂತಿ ಸಿಕ್ಕಿಸುತ್ತಿದ್ದವರಿಗೆ ಆಗುತ್ತಿದ್ದದ್ದು ಇಂದಿನ ಗಣಕಗಳಿಗೆ ಆಗುವುದಿಲ್ಲವೆಂದರೆ ನಾನು ನಂಬುವುದಿಲ್ಲ.

ಸಾಲಿನಲ್ಲಿ ಎಷ್ಟನೆಯವರು ಎಂದು ಹೇಳಲಿ. ತಿರುಗಿ ಕರೆಯಲಿ. ಕರೆ ಬಂದ ನಿಮಿಷವನ್ನೇ ದೂರು ಕೊಟ್ಟ ನಿಮಿಷವೆಂದು ಬರೆದುಕೊಳ್ಳಲಿ. ಇಷ್ಟಾದ ಮೇಲೆ ಯಾವ ರಾಗ ಬೇಕಾದರೂ ಹಾಕಿಕೊಳ್ಳಲಿ.