ಹದಿನೆಂಟರವರೆಗೂ ನಮ್ಮ ಜೊತೆ ಇರಿ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೆಣ್ಣುಮಕ್ಕಳ ಹಕ್ಕೊತ್ತಾಯ ಪತ್ರ

ಇವರಿಗೆ: ಮೂರೂ ತಾಲೂಕುಗಳ ಶಾಸಕರು, ತಹಶೀಲ್ದಾರರು, ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಪೊಲೀಸ್ ಅಧಿಕಾರಿಗಳು, ಬಸ್ ಘಟಕಗಳ ವ್ಯವಸ್ಥಾಪಕರು, ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿಗಳು.

ಮಾನ್ಯರೇ,

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ನಮ್ಮ ಅಪ್ಪಂದಿರು, ಕಾಕಾಗಳು ಹಗಲು ರಾತ್ರಿ ಕೂತು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಬೇಕೆಂದು ಹಟ ಹಿಡಿದರು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು 3,300 ರೂಪಾಯಿ ಎಂದು ತೀರ್ಮಾನಿಸಬೇಕಾಯಿತು. ಬೆಳೆದವರು ಬೆಲೆ ಕೇಳುವುದು ನ್ಯಾಯವೆಂದು ಸುತ್ತಲಿನ ಊರುಗಳು ಒಪ್ಪಿದವು. ಅದೇ ಊರುಗಳಲ್ಲಿ ಹುಡುಗಿಯೊಬ್ಬಳು ಸಭೆಯಲ್ಲಿ ಎದ್ದು ಬಸ್ ಕೇಳಿದರೆ, ಶೌಚಾಲಯಕ್ಕೆ ಬಾಗಿಲು ಕೇಳಿದರೆ, "ಈಕಿ ಭಾಳ ಮಾತಾಡ್ತಾಳ" ಅನ್ನಿಸಿಕೊಳ್ಳುತ್ತಾಳೆ. ಈ ಪತ್ರ ಬರೆದವರು ಹಾಗೆ ಅನ್ನಿಸಿಕೊಂಡವರು.

ಕಳೆದ ಒಂದು ವರ್ಷ ನಮ್ಮೂರ ಸಮುದಾಯ ಭವನಗಳಲ್ಲಿ, ಗುಡಿಯ ಕಟ್ಟೆಗಳ ಮೇಲೆ, ಸಾಲಿ ಬಿಟ್ಟ ಮೇಲೆ ಖಾಲಿಯಾಗುವ ಕೋಣೆಗಳಲ್ಲಿ ಹೆಣ್ಣುಮಕ್ಕಳ ನಾಯಕತ್ವದ ತರಬೇತಿ ನಡೆಯಿತು. ಅರ್ಜಿ ಬರೆಯುವುದು, ಕೊಟ್ಟ ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯುವುದು, ಮುಟ್ಟಿನ ವಿಷಯವನ್ನು ತಲೆ ತಗ್ಗಿಸದೆ ಆಡುವುದು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಏನು ಹೇಳಬೇಕೆಂಬುದು, ಅವ್ವ ಅಪ್ಪನ ಮುಂದೆ ನಮ್ಮ ಮಾತನ್ನು ನಾವೇ ಇಡುವುದು, ಎಲ್ಲ ಕಲಿತೆವು. ಈ ನೆಲಕ್ಕೆ ಇದು ಹೊಸತೂ ಅಲ್ಲ. ಘಟಪ್ರಭಾದಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರೇ 1997ರಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಇದೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬಾಲ್ಯದಲ್ಲೇ ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳೊಬ್ಬಳು ರಾಷ್ಟ್ರಪತಿ ಭವನದವರೆಗೆ ನಡೆದ ದಾರಿ ನಮ್ಮ ಊರುಗಳಿಂದಲೇ ಹೊರಟಿದೆ.

ನಮ್ಮ ತಕರಾರು ತರಬೇತಿಯ ಬಗ್ಗೆ ಅಲ್ಲ, ಅದರ ಗಡುವಿನ ಬಗ್ಗೆ. ಹದಿಮೂರಕ್ಕೆ ಗುಂಪಿಗೆ ಸೇರಿದವಳಿಗೆ ಹದಿನಾಲ್ಕಕ್ಕೆ ಪ್ರಮಾಣಪತ್ರ ಸಿಗುತ್ತದೆ, ಫೋಟೋ ತೆಗೆಯುತ್ತಾರೆ, ಯೋಜನೆ ಮುಗಿಯುತ್ತದೆ. ಅವಳ ಮನೆಯಲ್ಲಿ ಮದುವೆಯ ಮಾತು ಶುರುವಾಗುವುದು ಹದಿನೈದಕ್ಕೆ. ಕೈ ಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ ಕೈ ಬಿಟ್ಟ ಹಾಗಾಗುತ್ತದೆ. ಹತ್ತರಿಂದ ಹದಿನೆಂಟು ವರ್ಷದವರೆಗೆ ಪ್ರತಿ ಹೆಣ್ಣುಮಗುವಿನ ಜೊತೆ ಪಂಚಾಯಿತಿ, ಶಾಲೆ ಮತ್ತು ಇಲಾಖೆಗಳು ಬಿಡದೆ ಇರಬೇಕು ಎಂಬುದೇ ಈ ಪತ್ರದ ತಿರುಳು. ಅದಕ್ಕಾಗಿ ಕೇಳುತ್ತಿದ್ದೇವೆ:

1. ಪ್ರತಿ ಗ್ರಾಮ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಕಿಶೋರಿಯರ ಗುಂಪಿಗೆಂದೇ ಹಣ ತೆಗೆದಿಡಬೇಕು. ಸಂಸ್ಥೆಗಳು ಬರಲಿ, ಹೋಗಲಿ, ಗುಂಪು ಪಂಚಾಯಿತಿಯದ್ದಾಗಿ ಉಳಿಯಬೇಕು. ಸೇರಲು ಜಾಗ ಹೊಸದಾಗಿ ಕಟ್ಟಬೇಕಿಲ್ಲ. ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಇದೆ. ಬಸವರಾಜ ಕಟ್ಟೀಮನಿ, ಬೆಟಗೇರಿ ಕೃಷ್ಣಶರ್ಮರು ಹುಟ್ಟಿದ ಗೋಕಾಕ ಸೀಮೆಯ ಗ್ರಂಥಾಲಯಗಳಲ್ಲಿ ಸಂಜೆ ಹೊತ್ತು ಗಂಡಸರು ಪೇಪರ್ ಓದುತ್ತ ಕೂತಿರುವಾಗ ಹುಡುಗಿಯರು ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ವಾರಕ್ಕೆ ಎರಡು ಸಂಜೆ ಆ ಕೋಣೆ ನಮ್ಮದೆಂದು ಫಲಕ ಹಾಕಿಸಿ. ಈ ವರ್ಷ ತರಬೇತಿ ಪಡೆದ, ಹದಿನೆಂಟು ದಾಟಿದ ಅಕ್ಕಂದಿರನ್ನೇ ಗೌರವಧನ ಕೊಟ್ಟು ಮಾರ್ಗದರ್ಶಕರಾಗಿ ನೇಮಿಸಿಕೊಳ್ಳಿ. ಪುಕ್ಕಟೆ ಸೇವೆ ಮಾಡಲು ಹೇಳಬೇಡಿ. ಹೆಣ್ಣುಮಕ್ಕಳ ದುಡಿಮೆ ಪುಕ್ಕಟೆ ಎಂಬ ರೂಢಿಯನ್ನೇ ನಾವು ಬಿಡಿಸಲು ಹೊರಟಿದ್ದೇವೆ.

2. ಮಕ್ಕಳ ಗ್ರಾಮ ಸಭೆ ನಿಜವಾಗಿ ನಡೆಯಬೇಕು. ವರ್ಷಕ್ಕೊಮ್ಮೆ ನಡೆಸಬೇಕೆಂಬ ಸರ್ಕಾರದ ಆದೇಶವಿದೆ. ಆದರೆ ಶಾಲೆಯ ಅಂಗಳದಲ್ಲಿ ಸ್ವಾಗತ, ಹಾರ, ಭಾಷಣ ಮುಗಿಯುವಷ್ಟರಲ್ಲಿ ಊಟದ ಗಂಟೆ ಹೊಡೆದರೆ, ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಯನ್ನು ಮಗು ಓದಿ ಕೂತರೆ, ಅದನ್ನು ಸಭೆ ಅನ್ನಲಾಗದು. ದಿನಾಂಕವನ್ನು ಹದಿನೈದು ದಿನ ಮೊದಲೇ ಡಂಗುರ ಸಾರಿಸಿ. ಶಾಲೆ ಬಿಟ್ಟ ಹುಡುಗಿಯರನ್ನೂ ಕರೆಯಿರಿ. ಅತಿ ಹೆಚ್ಚು ಹೇಳಲಿಕ್ಕಿರುವುದು ಅವರಿಗೇ. ನಾವು ಕೇಳಿದ್ದಕ್ಕೆ ಅಭಿವೃದ್ಧಿ ಅಧಿಕಾರಿಗಳು ಮೂವತ್ತು ದಿನದೊಳಗೆ ಬರಹದಲ್ಲಿ ಉತ್ತರ ಕೊಡಬೇಕು, ಮುಂದಿನ ದೊಡ್ಡವರ ಗ್ರಾಮ ಸಭೆಯಲ್ಲಿ ಅದನ್ನು ಓದಿ ಹೇಳಬೇಕು. ಇನ್ನೊಂದು ಮಾತು. ಕರ್ನಾಟಕದಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರದ್ದು. ಆ ಕುರ್ಚಿಯಲ್ಲಿ ಅಧ್ಯಕ್ಷೆಯ ಗಂಡನೋ ಮೈದುನನೋ ಕೂತರೆ ನಮಗೆ ಕೊಟ್ಟ ನಾಯಕತ್ವದ ಪಾಠವೆಲ್ಲ ಸುಳ್ಳಾಗುತ್ತದೆ. ಅಧ್ಯಕ್ಷೆಯೇ ಸಭೆ ನಡೆಸಬೇಕು, ಮಾತಾಡಬೇಕು, ಸಹಿ ಮಾಡಬೇಕು.

3. ಬಾಲ್ಯವಿವಾಹ ತಡೆಯುವ ಕೆಲಸ ಮಂಟಪಕ್ಕೆ ಜೀಪು ಹೋದಲ್ಲಿಗೆ ಮುಗಿಯಬಾರದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಯ ಮದುವೆ ಹದಿನೆಂಟಕ್ಕೆ ಮೊದಲೇ ಆಗಿತ್ತು. ಕಾನೂನು ಗಟ್ಟಿಯಾಗಿಯೇ ಇದೆ: 2016ರ ಕರ್ನಾಟಕ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹ ಮೊದಲ ಗಳಿಗೆಯಿಂದಲೇ ಅಸಿಂಧು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮುಖ್ಯೋಪಾಧ್ಯಾಯರು, ತಹಶೀಲ್ದಾರರು ಎಲ್ಲರೂ ನಿಷೇಧಾಧಿಕಾರಿಗಳೇ. ಆದರೂ ಮದುವೆಗಳು ನಡೆಯುತ್ತವೆ, ಸೋದರಮಾವನ ಜೊತೆಗಿನ ಸಂಬಂಧವೆಂದರೆ ಯಾರೂ ವಯಸ್ಸು ಕೇಳುವುದೇ ಇಲ್ಲ.

ಹುಕ್ಕೇರಿ ತಾಲೂಕಿಗೆ ಇನ್ನೊಂದು ತೊಡಕಿದೆ. ಸಂಕೇಶ್ವರದಿಂದ ಮಹಾರಾಷ್ಟ್ರದ ಗಡಹಿಂಗ್ಲಜ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ನಮ್ಮ ಬಂಧುಬಳಗ ಗಡಿಯ ಎರಡೂ ಕಡೆ ಇದೆ. ಮಹಾರಾಷ್ಟ್ರದಲ್ಲಿ ನಡೆಯುವುದು ಆ ತಿದ್ದುಪಡಿ ಇಲ್ಲದ 2006ರ ಕೇಂದ್ರ ಕಾಯ್ದೆ. ಅದರಂತೆ ಬಾಲ್ಯವಿವಾಹ ತಾನಾಗಿ ಅಸಿಂಧುವಾಗುವುದಿಲ್ಲ, ಹುಡುಗಿಯೇ ನ್ಯಾಯಾಲಯಕ್ಕೆ ಹೋಗಿ ರದ್ದುಪಡಿಸಿಕೊಳ್ಳಬೇಕು. ಗಡಿ ದಾಟಿಸಿ ಅಕ್ಕಿಕಾಳು ಹಾಕಿಸುವ ಈ ದಾರಿ ಮುಚ್ಚಬೇಕಾದರೆ ಬೆಳಗಾವಿ ಮತ್ತು ಕೊಲ್ಹಾಪುರ ಜಿಲ್ಲಾಡಳಿತಗಳು ಕೂಡಿ ಒಂದು ವ್ಯವಸ್ಥೆ ಮಾಡಬೇಕು. ಮದುವೆ ಹಂಗಾಮಿನಲ್ಲಿ ಎರಡೂ ಕಡೆಯ ಅಧಿಕಾರಿಗಳು ಒಬ್ಬರಿಗೊಬ್ಬರು ಮಾಹಿತಿ ಕೊಡಬೇಕು. ಕಲ್ಯಾಣ ಮಂಟಪ, ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್, ಶಾಮಿಯಾನದವರು, ಸಾಮೂಹಿಕ ವಿವಾಹ ಮಾಡಿಸುವ ಮಠ ಮತ್ತು ಜಾತ್ರಾ ಸಮಿತಿಯವರು ಜನ್ಮ ದಾಖಲೆ ನೋಡದೆ ಮುಂದುವರಿಯಬಾರದು.

ಮಾಹಿತಿ ಕೊಟ್ಟವರ ಹೆಸರು ಹೊರಬೀಳಬಾರದು. ಸಣ್ಣ ಊರಿನಲ್ಲಿ "ಯಾರ್ ಹೇಳಿದ್ರು" ಎಂಬ ಪ್ರಶ್ನೆಗೆ ಸಂಜೆಯೊಳಗೆ ಉತ್ತರ ಸಿಕ್ಕುಬಿಡುತ್ತದೆ, ಆ ಮೇಲೆ ಗೆಳತಿಗಾಗಿ ಫೋನ್ ಮಾಡಿದವಳ ಓದೂ ನಿಲ್ಲುತ್ತದೆ. ಮದುವೆ ನಿಂತ ಹುಡುಗಿಯ ಗತಿಯನ್ನೂ ಕೇಳಿ. ಮುಚ್ಚಳಿಕೆ ಬರೆಸಿಕೊಂಡು ಅಧಿಕಾರಿಗಳು ಹೊರಟ ಮೇಲೆ ಮನೆಯವರ ಸಾಲ, ಸಿಟ್ಟು, ಊರವರ ಮಾತು ಎಲ್ಲ ಅವಳ ತಲೆಯ ಮೇಲೆ. ಅಂಥ ಪ್ರತಿ ಹುಡುಗಿಯನ್ನು ಹದಿನೆಂಟಾಗುವವರೆಗೆ ತಿಂಗಳಿಗೊಮ್ಮೆ ಭೇಟಿಯಾಗುವ ಹೊಣೆ ಒಬ್ಬ ಹೆಸರಿಸಿದ ಅಧಿಕಾರಿಯ ಮೇಲಿರಬೇಕು. ಅವಳು ಮತ್ತೆ ಶಾಲೆಗೆ ಬಂದಳೇ, ಹಾಸ್ಟೆಲ್ ಬೇಕೇ ಎಂಬುದು ದಾಖಲಾಗಬೇಕು. ಹದಿನೆಂಟರವರೆಗೆ ಮದುವೆ ಮಾಡದಿದ್ದರೆ ಹಣ ಸಿಗುವ ಭಾಗ್ಯಲಕ್ಷ್ಮಿ ಬಾಂಡ್ ಪಡೆದ ಮೊದಲ ಮಕ್ಕಳಿಗೆ 2024ರಲ್ಲೇ ಹದಿನೆಂಟಾಯಿತು. ಮದುವೆ ಮುಂದೂಡಿದ ಮನೆಗಳಿಗೆ ಆ ಹಣ ಅಲೆದಾಟವಿಲ್ಲದೆ ಕೈಸೇರಿದರೆ ಅಕ್ಕಪಕ್ಕದ ಮನೆಗಳೂ ನೋಡಿ ಕಲಿಯುತ್ತವೆ.

4. ಬಸ್ಸು ಬೇಕು, ಶಾಲೆಯ ಹೊತ್ತಿಗೆ ಬೇಕು, ಕೈ ಮಾಡಿದಾಗ ನಿಲ್ಲಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಹೋಯಿತು, ಅದಕ್ಕೆ ನಾವು ಋಣಿ. ಆದರೆ ಬಾರದ ಬಸ್ಸಿನಲ್ಲಿ ಉಚಿತವಾಗಿ ಹೋಗುವುದು ಹೇಗೆ? ತುಂಬಿದ ಬಸ್ ಸ್ಟಾಪಿನಲ್ಲಿ ನಿಲ್ಲದೆ ಹೋದರೆ ಹುಡುಗರು ಓಡಿ ಬಾಗಿಲಿಗೆ ಜೋತುಬೀಳುತ್ತಾರೆ, ನಾವು ಮನೆಗೆ ಮರಳುತ್ತೇವೆ. ಸಂಜೆ ಕೊನೆಯ ಪಿರಿಯಡ್ ಬಿಟ್ಟು ಓಡಿದರಷ್ಟೇ ಬಸ್ ಸಿಗುವುದಾದರೆ ವಿಜ್ಞಾನದ ಪ್ರಯೋಗಾಲಯ, ಹತ್ತನೆಯ ತರಗತಿಯ ವಿಶೇಷ ಪಾಠ ಎರಡೂ ಹೋದವು. ಕತ್ತಲಾದ ಮೇಲೆ ಮನೆ ಸೇರಿದ ಮಗಳನ್ನು ಮರುದಿನ ಕಳಿಸಲು ಅವ್ವ ಅಂಜುತ್ತಾಳೆ. ಅವಳ ಅಂಜಿಕೆ ಸುಳ್ಳಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಬಸ್ ಘಟಕದವರೂ ಒಟ್ಟಿಗೆ ಕೂತು, ಶಾಲೆ–ಕಾಲೇಜುಗಳ ವೇಳಾಪಟ್ಟಿ ಎದುರಿಗಿಟ್ಟುಕೊಂಡು ಮಾರ್ಗ ಗೊತ್ತುಮಾಡಲಿ. ಆ ಸಭೆಗೆ ನಮ್ಮಲ್ಲಿ ಇಬ್ಬರನ್ನಾದರೂ ಕರೆಯಿರಿ, ಯಾವ ತೋಟದ ವಸತಿಯಿಂದ ಎಷ್ಟು ಮಂದಿ ನಡೆದು ಬರುತ್ತಾರೆಂದು ನಾವು ಹೇಳುತ್ತೇವೆ. ಎಂಟನೆಯ ತರಗತಿಯವರಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ ಕೋವಿಡ್ ಕಾಲದಲ್ಲಿ ನಿಂತುಹೋಯಿತು, ಅದನ್ನು ಮತ್ತೆ ಕೊಡಿಸಲು ಶಾಸಕರು ಸದನದಲ್ಲಿ ದನಿ ಎತ್ತಬೇಕು.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಕಿವಿ ಒಡೆಯುವಂತೆ ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರುಗಳ ನಡುವೆ ಸೈಕಲ್ ಹೊಡೆಯುವುದು ಜೀವಭಯದ ಮಾತು. ಹಿಂದಿನಿಂದ ಕೂಗಿ ರೇಗಿಸಿದರೂ ಆ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಶಾಲೆಗೆ ಹೋಗಿ ಬರುವ ಹೊತ್ತಿನಲ್ಲಿ ಈ ರಸ್ತೆಗಳಲ್ಲಿ ಪೊಲೀಸರು ಇರಬೇಕು.

5. ಹತ್ತನೆಯ ತರಗತಿಯಲ್ಲಿ ಒಂದು ವಿಷಯ ಹೋಯಿತೆಂದರೆ ಹುಡುಗನಿಗೆ ಮತ್ತೊಂದು ಪರೀಕ್ಷೆ, ಹುಡುಗಿಗೆ ಗಂಡು ಹುಡುಕುವುದು. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫಲಿತಾಂಶ ಬಂದ ವಾರದೊಳಗೆ ಅನುತ್ತೀರ್ಣರಾದ ಪ್ರತಿ ಹುಡುಗಿಯ ಮನೆಗೆ ಶಿಕ್ಷಕರು ಹೋಗಿ, ಎರಡನೆಯ ಪರೀಕ್ಷೆಗೆ ಅರ್ಜಿ ತುಂಬಿಸಿ, ಗಣಿತ, ವಿಜ್ಞಾನ, ಇಂಗ್ಲಿಷಿಗೆ ಉಚಿತ ಪಾಠ ನಡೆಸಬೇಕು. ಪಾಸಾದವರಿಗೆ ಮೆಟ್ರಿಕ್ ನಂತರದ ಹಾಸ್ಟೆಲ್ ಸೀಟುಗಳನ್ನು ಹೆಚ್ಚಿಸಬೇಕು.

6. ಶೌಚಾಲಯಕ್ಕೆ ನೀರು, ಒಳಚಿಲಕ, ಮುಚ್ಚಳವಿರುವ ಬುಟ್ಟಿ. ಶುಚಿ ಯೋಜನೆಯ ಪ್ಯಾಡುಗಳು ಶಾಲೆ ಬಿಟ್ಟವರಿಗೂ ಅಂಗನವಾಡಿಯಲ್ಲಿ ಸಿಗಬೇಕು. ರಾಜ್ಯದ 15–19ರ ವಯಸ್ಸಿನ ಹುಡುಗಿಯರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಸಾಲದು, ವರ್ಷಕ್ಕೆರಡು ಸಲ ರಕ್ತ ಪರೀಕ್ಷಿಸಿ ಫಲಿತಾಂಶವನ್ನು ಅವಳ ಕೈಗೇ ಕೊಡಬೇಕು. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂದು ಆಗ ತಾಯಂದಿರ ಸಭೆಯಲ್ಲಿ ಮಾತು ಬರುತ್ತದೆ.

7. ದೇವದಾಸಿ ತಾಯಂದಿರ ಮಕ್ಕಳನ್ನು ಅಪ್ಪನ ಹೆಸರು ಕೇಳಿ ಅವಮಾನಿಸಬೇಡಿ. ದೇವದಾಸಿ ಸಮರ್ಪಣೆಯನ್ನು ಕಾಯ್ದೆ 1982ರಲ್ಲೇ ನಿಷೇಧಿಸಿತು. ಸರ್ಕಾರದ ಎರಡು ಸಮೀಕ್ಷೆಗಳಲ್ಲಿ 46,660 ಮಹಿಳೆಯರ ಹೆಸರು ದಾಖಲಾಯಿತು. ಪಟ್ಟಿಯಲ್ಲಿ ಹೆಸರು ಸೇರಿದ ಆ ತಾಯಂದಿರ ಹೆಣ್ಣುಮಕ್ಕಳು ಈಗ ನಮ್ಮ ತರಗತಿಗಳಲ್ಲಿದ್ದಾರೆ, ನಮ್ಮ ಗುಂಪುಗಳಲ್ಲಿದ್ದಾರೆ. ಶಾಲೆಗೆ ಸೇರುವಾಗ, ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದಾಗ, ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಆ ಒಂದು ಖಾಲಿ ಜಾಗ ಅವರನ್ನು ಎಲ್ಲರ ಎದುರು ನಿಲ್ಲಿಸುತ್ತದೆ. ತಾಯಿಯ ಹೆಸರೊಂದೇ ಸಾಕೆಂದು ಪ್ರತಿ ಕಚೇರಿಯ ಗೋಡೆಗೆ ಬರೆಸಿ, ಕಿಟಕಿಯ ಹಿಂದೆ ಕೂತವರಿಗೂ ತಿಳಿಹೇಳಿ. ಸವದತ್ತಿಯ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳ ಮುಂಚೆ ಊರೂರಿನ ಕಾವಲು ಸಮಿತಿ ಎಚ್ಚರವಿರಬೇಕು. ಮುತ್ತು ಬಹಿರಂಗವಾಗಿ ಕಟ್ಟದಿದ್ದರೂ ಮನೆಯೊಳಗೆ ಗುಟ್ಟಾಗಿ ಕಟ್ಟುವ ಅಪಾಯ ಉಳಿದೇ ಇದೆ.

8. ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ ಬರುವ ಹುಡುಗಿಯರೂ ನಮ್ಮವರೇ. ನಸುಕಿನಲ್ಲಿ ಅವ್ವ ಅಪ್ಪ ಗದ್ದೆಗೆ ಹೋದರೆ ಹತ್ತು ವರ್ಷದವಳು ಗುಡಿಸಲಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡು ರೊಟ್ಟಿ ಬಡಿಯುತ್ತಾಳೆ. ನಮ್ಮ ಅಪ್ಪಂದಿರಿಗೆ ಟನ್ನಿನ ಲೆಕ್ಕದಲ್ಲಿ ಬಂದ ಬೆಲೆಯಲ್ಲಿ ಅವಳ ಪಾಲೂ ಇದೆ ಎಂದು ನಾವು ರೈತರ ಮನೆಯ ಮಕ್ಕಳು ಹೇಳಲೇಬೇಕು. ಹಂಗಾಮು ಶುರುವಾಗುವ ಮೊದಲೇ ಕಾರ್ಖಾನೆಗಳಿಂದ ಗ್ಯಾಂಗುಗಳ ಪಟ್ಟಿ ಪಡೆದು, ಗುಡಿಸಲುಗಳ ಹತ್ತಿರವೇ ಟೆಂಟ್ ಶಾಲೆ ಮತ್ತು ಕೂಸಿನ ಮನೆ ತೆರೆಯಿರಿ.

9. ನೆರೆ ಬಂದಾಗ ನಮ್ಮನ್ನು ಮರೆಯಬೇಡಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಉಕ್ಕಿ ಗೋಕಾಕ ಪೇಟೆಗೇ ನೀರು ನುಗ್ಗಿತು. ಕಾಳಜಿ ಕೇಂದ್ರದಲ್ಲಿ ಅನ್ನ ಸಾರು ಸಿಗುತ್ತದೆ. ಬಟ್ಟೆ ಬದಲಿಸಲು ಮರೆ, ರಾತ್ರಿ ಶೌಚಾಲಯದ ದಾರಿಗೆ ದೀಪ, ಪ್ಯಾಡು, ಒಬ್ಬ ಮಹಿಳಾ ಪೊಲೀಸ್, ಇವನ್ನೂ ಮೊದಲ ದಿನದ ಪಟ್ಟಿಗೇ ಸೇರಿಸಿ. ಕೊಚ್ಚಿಹೋದ ಪುಸ್ತಕ, ಅಂಕಪಟ್ಟಿಗಳನ್ನು ನೀರು ಇಳಿದ ಹದಿನೈದು ದಿನದೊಳಗೆ ಮತ್ತೆ ಕೊಡಿಸಿ.

10. ಹುಡುಗರಿಗೂ ಪಾಠ ಮಾಡಿ. ನಮಗೆ ಕರಾಟೆ ಕಲಿಸುತ್ತೀರಿ, ಒಳ್ಳೆಯದು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಹಾದಿ ಅಡ್ಡಗಟ್ಟುವವನಿಗೆ ಏನು ಕಲಿಸಿದ್ದೀರಿ? ನಮ್ಮ ಅಣ್ಣ ತಮ್ಮಂದಿರ ಗುಂಪುಗಳೂ ಪ್ರತಿ ಊರಿನಲ್ಲಿ ಆಗಬೇಕು.

11. ಆಟಕ್ಕೆ ಮೈದಾನ, ಹಾಡಿಗೆ ವೇದಿಕೆ. ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ಆಟ ಬೆಳೆದದ್ದು ನಮ್ಮ ಕುಲಗೋಡದಲ್ಲಿ. ಹೆಂಗಸರು ರಂಗ ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕೌಜಲಗಿಯ ನಿಂಗಮ್ಮ ಅದೇ ಆಟದಲ್ಲಿ ನಾಡೆಲ್ಲ ಹೆಸರಾದರು. ಊರ ಜಾತ್ರೆಯ ವೇದಿಕೆ, ಶಾಲೆಯ ಖೋಖೋ ಅಂಕಣ ಹುಡುಗಿಯರಿಗೂ ಸಮನಾಗಿ ಸಿಗಲಿ.

12. ಈ ಪತ್ರಕ್ಕೆ ಮೂರೂ ತಾಲೂಕುಗಳಲ್ಲಿ ಬೇರೆ ಬೇರೆಯಾಗಿ ಸಭೆ ಕರೆಯಬೇಕು. ಮೂಡಲಗಿ ಹೊಸ ತಾಲೂಕೆಂದು ಅಲ್ಲಿನವರನ್ನು ಗೋಕಾಕಕ್ಕೆ ಬರಹೇಳಬೇಡಿ. ಸಭೆ ಭಾನುವಾರವಿರಲಿ, ಪರೀಕ್ಷೆಯ ದಿನ ಬೇಡ. ಪ್ರತಿ ಬೇಡಿಕೆಯ ಎದುರು ಯಾವ ಇಲಾಖೆ, ಯಾವ ಅಧಿಕಾರಿ, ಯಾವ ತಿಂಗಳೊಳಗೆ ಎಂದು ಬರೆದುಕೊಡಿ. ಆಗದ್ದನ್ನು ಆಗದು ಎನ್ನಿ, ಯಾಕೆ ಆಗದು ಎಂಬುದನ್ನೂ ಬರೆಯಿರಿ; ಅದನ್ನು ಹಿಡಿದು ನಾವು ಜಿಲ್ಲಾಧಿಕಾರಿಗಳ ಬಳಿ ಹೋಗುತ್ತೇವೆ. ಪತ್ರ ತಲುಪಿದ್ದಕ್ಕೆ ದಿನಾಂಕ, ಮೊಹರಿನ ಸಮೇತ ಸ್ವೀಕೃತಿ ಈಗಲೇ ಬೇಕು.

ಇಂತಿ,
ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೆಣ್ಣುಮಕ್ಕಳು